ಆಲಿವ್ ಎಣ್ಣೆಯ ಫಿನಾಲ್ ಟೆಸ್ಟ್: ನೀವೆಲ್ಲ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ದಕ್ಷಿಣ ಇಟಲಿಯ ಪುಲಿಯಾದಲ್ಲಿ ಒಂದು ಎಣ್ಣೆ ಟೆಸ್ಟಿಂಗ್ ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ. ಅಕ್ಟೋಬರ್ ಬಂತು ಅಂದ್ರೆ ಇಲ್ಲಿ ಆಲಿವ್ ಕೊಯ್ಲು ಶುರು, ಅಲ್ಲಿಂದ ಜನವರಿ ತನಕ ನಮ್ಮ ಬೆಂಚ್ ಮೇಲೆ ಬಾಟ್ಲಿ ಇಡೋಕೆ ಜಾಗ ಇರಲ್ಲ. ಅದೇ ಟೈಮಲ್ಲಿ ಊರಿಂದ ಮೆಸೇಜುಗಳೂ ಬರ್ತಾವೆ, ಅಕ್ಕ, ಕಾಲೇಜಿನ ಫ್ರೆಂಡ್ಸು, ಬೆಂಗಳೂರಲ್ಲಿ ಎಣ್ಣೆ ತರಿಸಿ ಮಾರೋ ಒಬ್ರು ಪರಿಚಯದವ್ರು, ಎಲ್ರದ್ದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ, "ಬಾಟ್ಲಿ ಮೇಲೆ ಪಾಲಿಫಿನಾಲ್ 600 ಅಂತ ಹಾಕಿದಾರೆ, ನಂಬಬಹುದಾ?" ಇದಕ್ಕೆ ಹೌದು ಇಲ್ಲ ಅಂತ ಒಂದು ಮಾತಲ್ಲಿ ಉತ್ತರ ಕೊಡೋಕಾಗಲ್ಲ, ಅದಕ್ಕೇ ಎಲ್ಲಾ ಸೇರಿಸಿ ಇಲ್ಲಿ ಬರ್ದಿದೀನಿ.

ಮೊದ್ಲು ಹೇಳಿ, ಈ ಫಿನಾಲ್ ಅಂದ್ರೆ ಏನು? ಬಾತ್‌ರೂಮ್ ತೊಳೆಯೋ ಫಿನಾಯಿಲಾ?

ಅಲ್ಲ, ಆದ್ರೆ ಹೆಸ್ರು ಹಂಗೆ ಕೇಳ್ಸೋದ್ರಿಂದ ತುಂಬಾ ಜನ ಕೇಳ್ತಾರೆ. ಫಿನಾಲ್ ಅನ್ನೋದು ಒಂದು ದೊಡ್ಡ ಗುಂಪಿನ ಹೆಸ್ರು. ಆಲಿವ್ ಕಾಯಿ ಮರದಿಂದ ಕಿತ್ತು ಹಂಗೇ ಬಾಯಿಗೆ ಹಾಕ್ಕೊಂಡ್ರೆ ತಿನ್ನೋಕೇ ಆಗಲ್ಲ, ಅಷ್ಟು ಕಹಿ, ಆ ಕಹಿಗೆ ಮುಖ್ಯ ಕಾರಣ ಓಲಿಯುರೋಪೀನ್ ಅನ್ನೋ ಫಿನಾಲ್. ಕಾಯಿ ಅರೆಯೋವಾಗ ಅದರೊಳಗಿನ ಎನ್‌ಝೈಮುಗಳು ಓಲಿಯುರೋಪೀನನ್ನೂ ಅದರ ಜೊತೆಗಿರೋ ಲಿಗ್‌ಸ್ಟ್ರೋಸೈಡನ್ನೂ ಒಡೆದು ಸಣ್ಣ ಸಣ್ಣ ಪದಾರ್ಥ ಮಾಡ್ತಾವೆ. ಹೈಡ್ರಾಕ್ಸಿಟೈರೋಸಾಲ್, ಟೈರೋಸಾಲ್, ಓಲಿಯೋಕ್ಯಾಂಥಾಲ್, ಓಲಿಯಾಸೀನ್, ಇವೆಲ್ಲ ಆ ಎರಡರ ಮಕ್ಳು ಮೊಮ್ಮಕ್ಳು ಅನ್ಕೊಳ್ಳಿ. ನಾವು ಎಣ್ಣೆಯಲ್ಲಿ ಅಳೆಯೋದು ಮುಖ್ಯವಾಗಿ ಇವುಗಳ್ನೇ.

ಎಲ್ರೂ ಇವನ್ನೇ ಪಾಲಿಫಿನಾಲ್ ಅಂತಾರೆ, ಪಾಲಿ ಅಂದ್ರೆ ಹಲವು, ಆದ್ರೆ ಟೈರೋಸಾಲಿನಲ್ಲಿ ಇರೋದು ಒಂದೇ ಒಂದು ಫಿನಾಲ್ ಗುಂಪು, ಹಾಗಾಗಿ "ಪಾಲಿ" ಅನ್ನೋದು ಸರಿಯಾದ ಮಾತೇನಲ್ಲ, ಬಳಕೆಯಲ್ಲಿ ಉಳ್ಕೊಂಡಿದೆ ಅಷ್ಟೇ. ಇನ್ನೊಂದು ವಿಷ್ಯ, ಆಲಿವ್ ಮರ ನಮ್ಮ ಮಲ್ಲಿಗೆ ಬಳ್ಳಿಯ ಸಸ್ಯ ಕುಟುಂಬಕ್ಕೇ ಸೇರಿದ್ದು, ಇದು ಗೊತ್ತಾದ ದಿನ ನನಗೆ ಈ ಮರದ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಯ್ತು.

ಎಕ್ಸ್‌ಟ್ರಾ ವರ್ಜಿನ್ ಅಂತ ಬರ್ದಿದ್ರೆ ಫಿನಾಲ್ ಇದ್ದೇ ಇರತ್ತೆ ಅಲ್ವಾ?

ಇರತ್ತೆ, ಎಷ್ಟು ಅಂತ ಮಾತ್ರ ಆ ಮಾತು ಹೇಳಲ್ಲ. ಎಕ್ಸ್‌ಟ್ರಾ ವರ್ಜಿನ್ ಅನ್ಸ್ಕೊಳ್ಳೋಕೆ ಆಮ್ಲತೆ 0.8 ಪರ್ಸೆಂಟ್ ದಾಟ್ಬಾರ್ದು, ಎಣ್ಣೆ ಗಾಳಿ ತಾಗಿ ಎಷ್ಟು ಕೆಡ್ತಿದೆ ಅಂತ ಹೇಳೋ ಪೆರಾಕ್ಸೈಡ್ ವ್ಯಾಲ್ಯೂ 20 ದಾಟ್ಬಾರ್ದು, ರುಚಿ ನೋಡೋ ಪ್ಯಾನೆಲ್‌ಗೆ ಯಾವ ದೋಷವೂ ಸಿಗ್ಬಾರ್ದು, ಹಿಂಗೆ ಕೆಲವು ಷರತ್ತು ಇವೆ, ಆದ್ರೆ ಫಿನಾಲ್ ಇಷ್ಟಾದ್ರೂ ಇರ್ಬೇಕು ಅನ್ನೋ ಷರತ್ತು ಆ ಪಟ್ಟಿಯಲ್ಲಿ ಇಲ್ಲ. ಕೆಜಿಗೆ 80 ಮಿಲಿಗ್ರಾಂ ಇರೋ ಎಣ್ಣೇನೂ ಎಕ್ಸ್‌ಟ್ರಾ ವರ್ಜಿನ್, 700 ಇರೋದೂ ಎಕ್ಸ್‌ಟ್ರಾ ವರ್ಜಿನ್. ನಮ್ಮಲ್ಲಿ ಅಂಗಡಿಗಳಲ್ಲಿ ಕಮ್ಮಿ ರೇಟಿಗೆ ಸಿಗೋ ಪೊಮೇಸ್ ಎಣ್ಣೆ ಅಂದ್ರೆ ಹಿಂಡಿಯಿಂದ ಸಾಲ್ವೆಂಟ್ ಹಾಕಿ ತೆಗೆದು ರಿಫೈನ್ ಮಾಡಿದ್ದು, "ಎಕ್ಸ್‌ಟ್ರಾ ಲೈಟ್" ಅನ್ನೋದೂ ರಿಫೈನ್ ಆದದ್ದೇ, ರಿಫೈನಿಂಗ್‌ನಲ್ಲಿ ಫಿನಾಲ್ ಹೆಚ್ಚುಕಮ್ಮಿ ಪೂರ್ತಿ ಹೋಗಿರತ್ತೆ. ಅವುಗಳ್ನ ಟೆಸ್ಟಿಗೆ ಕಳ್ಸಿ ದುಡ್ಡು ಹಾಳು ಮಾಡ್ಕೋಬೇಡಿ.

ಆರೋಗ್ಯಕ್ಕೆ ಒಳ್ಳೇದು ಅಂತ ಲೇಬಲ್ ಮೇಲೆ ಬರೆಯೋಕೆ 250 ದಾಟ್ಬೇಕು ಅಂತಾರಲ್ಲ, ಆ ನಂಬರ್ ಎಲ್ಲಿಂದ ಬಂತು?

ಯುರೋಪಿಯನ್ ಯೂನಿಯನ್‌ನ 2012ರ 432ನೇ ನಂಬರಿನ ರೆಗ್ಯುಲೇಷನ್ನಿಂದ. ಆಲಿವ್ ಎಣ್ಣೆಯ ಪಾಲಿಫಿನಾಲ್ ರಕ್ತದ ಕೊಬ್ಬನ್ನ ಆಕ್ಸಿಡೇಷನ್‌ನಿಂದ ಕಾಪಾಡೋಕೆ ಸಹಾಯ ಮಾಡತ್ತೆ ಅಂತ ಲೇಬಲ್ ಮೇಲೆ ಬರೀಬೇಕಂದ್ರೆ, 20 ಗ್ರಾಂ ಎಣ್ಣೆಯಲ್ಲಿ ಕನಿಷ್ಠ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೋಸಾಲ್ ಮತ್ತು ಅದರ ಸಂಬಂಧಿಗಳು ಇರ್ಬೇಕು, ದಿನಕ್ಕೆ 20 ಗ್ರಾಂ ತಗೊಂಡ್ರೆ ಈ ಉಪಯೋಗ ಅಂತಾನೂ ಹೇಳ್ಬೇಕು. 20 ಗ್ರಾಂಗೆ 5 ಅಂದ್ರೆ ಕೆಜಿಗೆ 250 ಮಿಲಿಗ್ರಾಂ. 20 ಗ್ರಾಂ ಅಂದ್ರೆ ಸುಮಾರು ಒಂದೂವರೆ ಟೇಬಲ್ ಸ್ಪೂನ್ ಎಣ್ಣೆ.

ಇದರ ಹಿಂದೆ ಜನರ ಮೇಲೆ ಮಾಡಿದ ಅಧ್ಯಯನಗಳಿವೆ. 2006ರಲ್ಲಿ ಬಂದ ಯೂರೋಲಿವ್ ಅಧ್ಯಯನದಲ್ಲಿ 200 ಜನ ಆರೋಗ್ಯವಂತ ಗಂಡಸರಿಗೆ ದಿನಾ 25 ಮಿಲಿ ಎಣ್ಣೆ ಕೊಟ್ರು, ಮೂರು ಥರದ್ದು, ಕೆಜಿಗೆ 2.7, 164, 366 ಮಿಲಿಗ್ರಾಂ ಫಿನಾಲ್ ಇರೋದು, ಒಂದೊಂದನ್ನ ಮೂರು ಮೂರು ವಾರ. ಫಿನಾಲ್ ಜಾಸ್ತಿ ಆದಂಗೆ ಆಕ್ಸಿಡೈಸ್ ಆದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) ಇಳೀತಾ ಹೋಯ್ತು.

ಲ್ಯಾಬಲ್ಲಿ ನಿಜವಾಗ್ಲೂ ಏನ್ ಮಾಡ್ತೀರಾ?

ಈ ಪ್ರಶ್ನೆ ಕೇಳಿದ್ರೆ ನನಗೆ ಖುಷಿ, ಸ್ವಲ್ಪ ಉದ್ದ ಹೇಳ್ತೀನಿ. ನಾವು ಫಾಲೋ ಮಾಡೋದು ಇಂಟರ್‌ನ್ಯಾಷನಲ್ ಆಲಿವ್ ಕೌನ್ಸಿಲ್ 2009ರಲ್ಲಿ ಕೊಟ್ಟ ಮೆಥಡ್, ಆ ಕೌನ್ಸಿಲ್ ಇರೋದು ಮ್ಯಾಡ್ರಿಡ್‌ನಲ್ಲಿ.

ಒಂದು ಸ್ಕ್ರೂ ಮುಚ್ಚಳದ ಟೆಸ್ಟ್ ಟ್ಯೂಬಲ್ಲಿ 2 ಗ್ರಾಂ ಎಣ್ಣೆ ತೂಕ ಮಾಡ್ತೀವಿ. ಅದಕ್ಕೆ ಸಿರಿಂಜಿಕ್ ಆಸಿಡ್ ಅನ್ನೋ ಪದಾರ್ಥದ ದ್ರಾವಣ ಸರಿಯಾಗಿ 1 ಮಿಲಿ. ಇದು ನಮ್ಮ ಇಂಟರ್ನಲ್ ಸ್ಟ್ಯಾಂಡರ್ಡ್, ಎಷ್ಟು ಹಾಕಿದ್ವಿ ಅಂತ ಗೊತ್ತಿರೋದ್ರಿಂದ ಕೊನೆಗೆ ಬೇರೆ ಎಲ್ಲಾನೂ ಇದರ ಜೊತೆ ಹೋಲಿಸಿ ಲೆಕ್ಕ ಹಾಕ್ತೀವಿ. 30 ಸೆಕೆಂಡ್ ಕುಲುಕೋದು. ಆಮೇಲೆ 80 ಭಾಗ ಮೆಥನಾಲ್ 20 ಭಾಗ ನೀರು ಸೇರಿಸಿದ ದ್ರಾವಣ 5 ಮಿಲಿ, ಇನ್ನೊಂದು ನಿಮಿಷ ಜೋರಾಗಿ ಕುಲುಕಿ ಅಲ್ಟ್ರಾಸಾನಿಕ್ ಬಾತಲ್ಲಿ 15 ನಿಮಿಷ ಇಡ್ತೀವಿ, ಆಮೇಲೆ ಸೆಂಟ್ರಿಫ್ಯೂಜಲ್ಲಿ 5000 ಆರ್‌ಪಿಎಂಗೆ 25 ನಿಮಿಷ.

ಸೆಂಟ್ರಿಫ್ಯೂಜಿಂದ ಹೊರಗೆ ತೆಗೆದಾಗ ಟ್ಯೂಬ್ ನೋಡ್ಬೇಕು ನೀವು. ಎಣ್ಣೆ ಯಾವಾಗ್ಲೂ ಮೇಲೆ ತೇಲತ್ತೆ ಅಂತ ಚಿಕ್ಕಂದಿನಿಂದ ನೋಡಿರ್ತೀವಲ್ಲ, ದೀಪದ ಹಣತೆಯಲ್ಲೂ ಸಾರಿನ ಮೇಲೂ, ಇಲ್ಲಿ ಉಲ್ಟಾ, ಮೆಥನಾಲ್ ಎಣ್ಣೆಗಿಂತ ಹಗುರ, ಹಾಗಾಗಿ ಹಳದಿ ಹಸಿರು ಎಣ್ಣೆ ತಳದಲ್ಲಿ ಕೂತಿರತ್ತೆ, ತಿಳಿಯಾದ ದ್ರಾವಣ ಮೇಲೆ ನಿಂತಿರತ್ತೆ. ಫಿನಾಲುಗಳಿಗೆ ಎಣ್ಣೆಗಿಂತ ನೀರು ಮತ್ತೆ ಮೆಥನಾಲ್ ಇಷ್ಟ, ಎಲ್ಲಾ ಮೇಲಿನ ಪದರಕ್ಕೆ ಬಂದಿರ್ತಾವೆ. ಕಾಫಿ ಪುಡಿಯಿಂದ ಡಿಕಾಕ್ಷನ್ ಇಳಿಸಿದಂಗೆ ಅನ್ಕೊಳ್ಳಿ, ನಮಗೆ ಬೇಕಾಗಿದ್ದು ಡಿಕಾಕ್ಷನ್ ಮಾತ್ರ. ಆ ಮೇಲಿನ ಪದರದಿಂದ ಸಿರಿಂಜಲ್ಲಿ ಎಳ್ಕೊಂಡು 0.45 ಮೈಕ್ರಾನ್ ಫಿಲ್ಟರಲ್ಲಿ ಸೋಸಿ, 20 ಮೈಕ್ರೋಲೀಟರ್ ಮಾತ್ರ ಎಚ್‌ಪಿಎಲ್‌ಸಿ ಅನ್ನೋ, ಬೆರೆತಿರೋ ಪದಾರ್ಥಗಳ್ನ ಬೇರ್ಪಡಿಸಿ ಅಳೆಯೋ ಮಷಿನ್ನಿಗೆ ಕೊಡ್ತೀವಿ.

ಮಷಿನ್ನೊಳಗೆ 25 ಸೆಂಟಿಮೀಟರ್ ಉದ್ದದ ಸ್ಟೀಲ್ ಕಾಲಮ್ ಇರತ್ತೆ. ಒಂದೊಂದು ಪದಾರ್ಥ ಒಂದೊಂದು ವೇಗದಲ್ಲಿ ಅದನ್ನ ದಾಟಿ ಹೊರಗೆ ಬರತ್ತೆ, ಬಂದಂಗೆ 280 ನ್ಯಾನೋಮೀಟರ್‌ನ ಯುವಿ ಬೆಳಕು ಅದನ್ನ ಗುರುತು ಹಿಡಿಯತ್ತೆ, ಸ್ಕ್ರೀನ್ ಮೇಲೆ ಗುಡ್ಡ ಎದ್ದಂಗೆ ಪೀಕ್ ಕಾಣತ್ತೆ. ಮೊದ್ಲು ಹೈಡ್ರಾಕ್ಸಿಟೈರೋಸಾಲ್, ಆಮೇಲೆ ಟೈರೋಸಾಲ್, ಆಮೇಲೆ ನಾವೇ ಹಾಕಿದ ಸಿರಿಂಜಿಕ್, ಇವು ಒಂಟೊಂಟಿ ಚೂಪು ಪೀಕುಗಳು, ಅರ್ಧ ಗಂಟೆ ಕಳೆದ್ಮೇಲೆ ಓಲಿಯುರೋಪೀನ್ ಮತ್ತೆ ಲಿಗ್‌ಸ್ಟ್ರೋಸೈಡಿನ ಮಕ್ಳು ಮೊಮ್ಮಕ್ಳು ಎಲ್ಲಾ ಒಟ್ಟೊಟ್ಟಿಗೆ, ಪಶ್ಚಿಮ ಘಟ್ಟದ ಸಾಲಿನಂಗೆ ಒಂದರ ಹೆಗಲ ಮೇಲೆ ಒಂದು. ಎಲ್ಲಿ ಒಂದು ಪೀಕ್ ಮುಗೀತು ಎಲ್ಲಿ ಇನ್ನೊಂದು ಶುರು ಅಂತ ಗೆರೆ ಎಳೆಯೋದ್ರಲ್ಲೇ ಅನುಭವ ಬೇಕಾಗೋದು. ಒಂದು ಇಂಜೆಕ್ಷನ್ ಮುಗಿದು ಮುಂದಿನದಕ್ಕೆ ಕಾಲಮ್ ರೆಡಿ ಆಗೋಕೆ 80 ನಿಮಿಷದ ಮೇಲೆ ಬೇಕು, ರಿಪೋರ್ಟ್ ಯಾಕೆ ಲೇಟು ಅಂತ ಕೇಳೋರಿಗೆ ಇದೇ ಉತ್ತರ.

ಆ ಗುಡ್ಡಗಳಿಂದ ನಂಬರ್ ಹೇಗೆ ಬರತ್ತೆ?

ಫಿನಾಲ್ ಪೀಕುಗಳ ಏರಿಯಾ ಎಲ್ಲಾ ಕೂಡಿಸಿ ಸಿರಿಂಜಿಕ್ ಪೀಕಿನ ಏರಿಯಾದಿಂದ ಭಾಗಿಸ್ತೀವಿ. 10 ಪಟ್ಟು ಬಂತು ಅನ್ಕೊಳ್ಳಿ. ಹಾಕಿದ ಸಿರಿಂಜಿಕ್ 0.015 ಮಿಲಿಗ್ರಾಂ, ಎಣ್ಣೆ 2 ಗ್ರಾಂ. ಸಿರಿಂಜಿಕ್ ಆಸಿಡ್ ಅದೇ ತೂಕದ ಟೈರೋಸಾಲಿಗಿಂತ ಸುಮಾರು 5.1 ಪಟ್ಟು ಜಾಸ್ತಿ ಯುವಿ ಹೀರತ್ತೆ, ಅದಕ್ಕೆ 5.1ರಿಂದ ಗುಣಿಸ್ಬೇಕು. 10 × 5.1 × 0.015, ಅದನ್ನ 2ರಿಂದ ಭಾಗಿಸಿ 1000ದಿಂದ ಗುಣಿಸಿದ್ರೆ 382. ಅಂದ್ರೆ ಕೆಜಿಗೆ 382 ಮಿಲಿಗ್ರಾಂ, "ಟೈರೋಸಾಲ್ ಲೆಕ್ಕದಲ್ಲಿ". ಈ ಕೊನೆಯ ಎರಡು ಪದ ರಿಪೋರ್ಟಲ್ಲಿ ಇರ್ಲೇಬೇಕು.

ಇಲ್ಲಿ ನನ್ನದೇ ಒಂದು ಅನುಭವ ಹೇಳ್ತೀನಿ. ಕೆಲ್ಸಕ್ಕೆ ಸೇರಿದ ಮೊದಲ ಸೀಸನ್ನಲ್ಲಿ ಒಂದು ಬೆಳಿಗ್ಗೆ ಬಂದ ಎಲ್ಲಾ ಎಣ್ಣೆಯೂ ಸಿಕ್ಕಾಪಟ್ಟೆ ಚೆನ್ನಾಗಿ ಬರ್ತಿತ್ತು, ಒಬ್ಬ ರೈತರ ಕೊರಾತೀನಾ ಅನ್ನೋ ಇಲ್ಲಿನ ತಳಿಯ ಎಣ್ಣೆ 425 ಬಂತು, ಪಾಪ ಅವ್ರಿಗೆ ಫೋನ್ ಮಾಡಿ ಹೇಳೋಕೆ ಕೈ ತುರಿಸ್ತಿತ್ತು. ಆದ್ರೆ ದಿನಾ ನಾವು ಓಡಿಸೋ ಕಂಟ್ರೋಲ್ ಎಣ್ಣೇನೂ ಅವತ್ತು ತನ್ನ ಮಾಮೂಲಿ ನಂಬರಿಗಿಂತ ಹತ್ತು ಪರ್ಸೆಂಟಿಗೂ ಮೇಲೆ ಬಂದಿತ್ತು. ಹುಡುಕಿದ್ರೆ ಪೈಪೆಟ್‌ನ ಸೀಲ್ ಸವೆದು ಹೋಗಿತ್ತು, 1 ಮಿಲಿ ಅಂತ ನಾವು ಅನ್ಕೊಂಡಿದ್ದು ಬೀಳ್ತಿದ್ದದ್ದು 0.9 ಮಿಲಿ, ಸಿರಿಂಜಿಕ್ ಕಮ್ಮಿ ಬಿದ್ದ ಕಡೆ ಎಣ್ಣೆ ಶ್ರೀಮಂತ ಆಗಿ ಕಾಣತ್ತೆ. ಇಡೀ ಬ್ಯಾಚ್ ಮತ್ತೆ ಮಾಡಿದ್ವಿ, ಅವ್ರ ನಂಬರ್ 382ಕ್ಕೆ ಇಳೀತು. ಆವತ್ತಿಂದ ಕಂಟ್ರೋಲ್ ಎಣ್ಣೆ ನೋಡದೆ ನಾನು ಯಾವ ರಿಪೋರ್ಟಿಗೂ ಸೈನ್ ಹಾಕಿಲ್ಲ.

ಒಂದೇ ಎಣ್ಣೆಗೆ ಎರಡು ಲ್ಯಾಬ್ ಬೇರೆ ಬೇರೆ ನಂಬರ್ ಕೊಟ್ಟಿದಾರೆ, ಯಾರು ಸುಳ್ಳು ಹೇಳ್ತಿರೋದು?

ಇಬ್ರೂ ಹೇಳ್ತಿರೋದು ನಿಜ ಇರ್ಬಹುದು. ನನಗೆ ಅತೀ ಹೆಚ್ಚು ಬರೋ ಜಗಳದ ಕೇಸ್ ಇದು.

ಒಂದು ಹಳೇ ವಿಧಾನ ಇದೆ, ಫೋಲಿನ್ ಸಿಯೋಕಾಲ್ಟು ಅಂತ, 1927ರಿಂದ ಇದೆ. ಎಣ್ಣೆಯ ಸಾರ ತೆಗೆದು ಅದಕ್ಕೆ ಆ ಹಳದಿ ರೀಏಜೆಂಟ್ ಮತ್ತೆ ಸೋಡಾ ಹಾಕಿದ್ರೆ ನೀಲಿ ಬಣ್ಣ ಬರತ್ತೆ, ಎಷ್ಟು ನೀಲಿ ಅಷ್ಟು ಫಿನಾಲ್. ಅಗ್ಗ, ಬೇಗ ಆಗತ್ತೆ, ಎಚ್‌ಪಿಎಲ್‌ಸಿ ಬೇಡ. ತೊಂದ್ರೆ ಏನಂದ್ರೆ ಫಿನಾಲ್ ಅಲ್ಲದ ಬೇರೆ ರೆಡ್ಯೂಸಿಂಗ್ ಪದಾರ್ಥ ಇದ್ರೂ ನೀಲಿ ಬರತ್ತೆ, ಯಾವ ಫಿನಾಲ್ ಎಷ್ಟು ಅಂತಾನೂ ಗೊತ್ತಾಗಲ್ಲ. ಮೇಲಾಗಿ ಒಬ್ರು ಗ್ಯಾಲಿಕ್ ಆಸಿಡ್ ಲೆಕ್ಕದಲ್ಲಿ ಹೇಳ್ತಾರೆ, ಇನ್ನೊಬ್ರು ಕೆಫೀಕ್ ಆಸಿಡ್ ಲೆಕ್ಕದಲ್ಲಿ. ಒಂದೇ ಜಮೀನನ್ನ ಒಬ್ರು ಗುಂಟೆಯಲ್ಲಿ ಇನ್ನೊಬ್ರು ಸೆಂಟಲ್ಲಿ ಹೇಳಿದಂಗೆ, ನಂಬರ್ ಬೇರೆ ಬರದೆ ಏನ್ ಮಾಡತ್ತೆ.

ಎರಡನೇದು ಮೇಲೆ ಹೇಳಿದ ಎಚ್‌ಪಿಎಲ್‌ಸಿ. ಅದ್ರಲ್ಲೂ ಒಂದು ಸೂಕ್ಷ್ಮ ಇದೆ, ಒಟ್ಟು ಮೊತ್ತದಲ್ಲಿ ಪಿನೋರೆಸಿನಾಲ್, ಲೂಟಿಯೋಲಿನ್ ಥರದ ಬೇರೆ ಬಳಗದ ಫಿನಾಲುಗಳೂ ಸೇರಿರ್ತಾವೆ, ಆದ್ರೆ ಯುರೋಪಿನ ಆರೋಗ್ಯದ ಮಾತಿಗೆ ಲೆಕ್ಕ ಬರೋದು ಹೈಡ್ರಾಕ್ಸಿಟೈರೋಸಾಲಿನ ಬಳಗ ಮಾತ್ರ. ಹಾಗಾಗಿ ಎಚ್‌ಪಿಎಲ್‌ಸಿ ಒಟ್ಟು 270 ಬಂದ ತಕ್ಷಣ 250 ದಾಟ್ತು ಅಂತ ಕುಣಿಯೋ ಹಾಗಿಲ್ಲ.

ಮೂರನೇದು, ಎಣ್ಣೆಯ ಸಾರಕ್ಕೆ ಆಸಿಡ್ ಹಾಕಿ ದೊಡ್ಡ ಅಣುಗಳನ್ನೆಲ್ಲ ಒಡೆದು ಕೊನೆಗೆ ಉಳಿಯೋ ಹೈಡ್ರಾಕ್ಸಿಟೈರೋಸಾಲ್ ಮತ್ತೆ ಟೈರೋಸಾಲ್ ಎರಡನ್ನೇ ಅಳೆಯೋದು. ಪೀಕ್ ಎರಡೇ, ಗೊಂದಲ ಕಮ್ಮಿ, ಆರೋಗ್ಯದ ಮಾತಿಗೆ ಇದು ತುಂಬಾ ಹೊಂದತ್ತೆ. ಆದ್ರೆ ತೂಕದ ವಿಷ್ಯ ಗಮನಿಸಿ. ಓಲಿಯೋಕ್ಯಾಂಥಾಲಿನ ಅಣು ತೂಕ 304, ಒಡೆದ್ಮೇಲೆ ಉಳಿಯೋ ಟೈರೋಸಾಲ್ 138. ಅಂದ್ರೆ 100 ಮಿಲಿಗ್ರಾಂ ಓಲಿಯೋಕ್ಯಾಂಥಾಲ್ ಇದ್ರೆ ಈ ವಿಧಾನದಲ್ಲಿ ಸಿಗೋದು 45 ಮಿಲಿಗ್ರಾಂ ಟೈರೋಸಾಲ್. ಇಡೀ ತೆಂಗಿನಕಾಯಿ ತೂಕ ಹಾಕೋದಕ್ಕೂ ಬರೀ ಕೊಬ್ರಿ ತೂಕ ಹಾಕೋದಕ್ಕೂ ಇರೋ ವ್ಯತ್ಯಾಸ ಇದು. ಕಾನೂನು ಹೈಡ್ರಾಕ್ಸಿಟೈರೋಸಾಲ್ ಮತ್ತು ಸಂಬಂಧಿಗಳು ಅಂತ ಮಾತ್ರ ಹೇಳಿ ಯಾವ ವಿಧಾನದಿಂದ ಅಳೀಬೇಕು ಅಂತ ಹೇಳ್ಲಿಲ್ಲ, ನನ್ನ ಪ್ರಕಾರ ಇಷ್ಟೆಲ್ಲ ಗೊಂದಲದ ಬೇರು ಅಲ್ಲೇ ಇರೋದು. ವಿಧಾನವನ್ನೂ ಸೇರಿಸಿ ಬರ್ದಿದ್ರೆ ಎಷ್ಟೋ ರೈತರಿಗೆ, ಕೊಳ್ಳೋರಿಗೆ ಉಪಕಾರ ಆಗ್ತಿತ್ತು.

ಎನ್‌ಎಂಆರ್ ಸರ್ಟಿಫಿಕೇಟ್ ಅಂತ ಗ್ರೀಸಿನ ಬಾಟ್ಲಿಗಳ ಜೊತೆ ಬರತ್ತಲ್ಲ, ಅದೇನು?

ಎನ್‌ಎಂಆರ್ ಅಂದ್ರೆ ದೊಡ್ಡ ಅಯಸ್ಕಾಂತದೊಳಗೆ ಇಟ್ಟು ಅಣುಗಳು ಕೊಡೋ ಸಿಗ್ನಲ್ಲಿಂದ ಅವುಗಳ್ನ ಗುರುತು ಹಿಡಿಯೋ ವಿಧಾನ. ಅಥೆನ್ಸ್ ಯೂನಿವರ್ಸಿಟಿಯ ಪ್ರೊಕೋಪಿಯೋಸ್ ಮಾಗಿಯಾಟಿಸ್ ಮತ್ತೆ ಎಲೆನಿ ಮೆಲ್ಲಿಯು ಅವರ ತಂಡ 2012ರಲ್ಲಿ ಇದನ್ನ ಪ್ರಕಟಿಸಿದ್ದು. ಓಲಿಯೋಕ್ಯಾಂಥಾಲ್, ಓಲಿಯಾಸೀನ್ ಎರಡೂ ಆಲ್ಡಿಹೈಡುಗಳು, ಮೆಥನಾಲ್ ಮತ್ತೆ ನೀರಿನ ಜೊತೆ ಸೇರಿದ್ರೆ ಅವು ರೂಪ ಬದಲಾಯಿಸ್ತಾವೆ, ಅದಕ್ಕೇ ಎಚ್‌ಪಿಎಲ್‌ಸಿಯಲ್ಲಿ ಪೀಕ್ ಅಗಲ ಆಗಿ ಕದಡಿ ಹೋಗತ್ತೆ. ಎನ್‌ಎಂಆರಲ್ಲಿ ಕೊನೆಗೆ ಕ್ಲೋರೋಫಾರ್ಮಲ್ಲಿ ಕರಗಿಸಿ ನೋಡ್ತಾರೆ, ಆಗ ಒಂದೊಂದು ಆಲ್ಡಿಹೈಡೂ ತನ್ನ ಜಾಗದಲ್ಲಿ ಸ್ಪಷ್ಟ ಸಿಗ್ನಲ್ ಕೊಡತ್ತೆ. ಒಳ್ಳೇ ವಿಧಾನ, ಮಷಿನ್ ಮಾತ್ರ ತುಂಬಾ ದುಬಾರಿ. ಅಲ್ಲಿ ಅಣುವಿನ ಪೂರ್ತಿ ತೂಕ ಲೆಕ್ಕ ಹಾಕ್ತಾರೆ ಅನ್ನೋದು ನೆನಪಿರ್ಲಿ, ಎನ್‌ಎಂಆರ್ ನಂಬರನ್ನ ಆಸಿಡ್ ವಿಧಾನದ ನಂಬರ್ ಪಕ್ಕ ಇಟ್ಟು ಹೋಲಿಸ್ಬೇಡಿ.

ರುಚಿ ನೋಡಿ ಹೇಳೋಕಾಗಲ್ವಾ? ಫ್ರಿಜ್ಜಲ್ಲಿಟ್ರೆ ಗೊತ್ತಾಗತ್ತೆ ಅಂತಾರಲ್ಲ?

ಫ್ರಿಜ್ಜಲ್ಲಿ ಗಟ್ಟಿ ಆಗೋದಕ್ಕೂ ಫಿನಾಲಿಗೂ ಸಂಬಂಧ ಇಲ್ಲ, ಹಸಿರು ಬಣ್ಣಕ್ಕೂ ಇಲ್ಲ, ಅದು ಕ್ಲೋರೋಫಿಲ್.

ನಾಲಿಗೆ ಮಾತ್ರ ನಿಜಕ್ಕೂ ಸುಳಿವು ಕೊಡತ್ತೆ. ಒಂದು ಚಮಚ ಎಣ್ಣೆ ಬಾಯಲ್ಲಿ ಇಟ್ಕೊಂಡು ಹಲ್ಲಿನ ಸಂದಿಯಿಂದ ಗಾಳಿ ಎಳ್ಕೊಂಡು ನುಂಗಿ. ನಾಲಿಗೆಯ ಹಿಂಭಾಗದಲ್ಲಿ ಹಾಗಲಕಾಯಿಯಂಥ ಕಹಿ, ಸ್ವಲ್ಪ ಒಗರು, ಎರಡು ಮೂರು ಸೆಕೆಂಡ್ ಬಿಟ್ಟು ಗಂಟಲಲ್ಲಿ ಕಾಳುಮೆಣಸು ಜಗಿದಂಗೆ ಚುರುಕ್ ಅಂದು ಕೆಮ್ಮು ಬಂದ್ರೆ ಫಿನಾಲ್ ಚೆನ್ನಾಗೇ ಇದೆ. ನಮ್ಮಕ್ಕ ಮೊದಲನೇ ಸಲ ಕೊರಾತೀನಾ ಕುಡಿದು ಕೆಮ್ಮಿ ಎಣ್ಣೆ ಕೆಟ್ಟಿದೆ ಕಣೋ ಅಂದ್ಲು. ಕೆಟ್ಟ ಎಣ್ಣೆ ಗಂಟಲು ಸುಡಲ್ಲ, ಅದು ಹಳೇ ಚಕ್ಕುಲಿ ಥರ ಕಮಟು ವಾಸನೆ ಬರತ್ತೆ.

ಈ ಗಂಟಲ ಉರಿಯಿಂದಾನೇ ಓಲಿಯೋಕ್ಯಾಂಥಾಲ್ ಬೆಳಕಿಗೆ ಬಂದಿದ್ದು. ಗ್ಯಾರಿ ಬೋಚಾಂಪ್ ಅನ್ನೋ ವಿಜ್ಞಾನಿ ಮೊದ್ಲು ನೋವಿಗೆ ಕೊಡೋ ಲಿಕ್ವಿಡ್ ಐಬುಪ್ರೊಫೆನ್ ಗಂಟಲಲ್ಲಿ ಯಾಕೆ ಉರಿಯತ್ತೆ ಅಂತ ಕೆಲ್ಸ ಮಾಡ್ತಿದ್ರು, ಆಮೇಲೆ ಸಿಸಿಲಿಯಲ್ಲಿ ಒಂದು ಮೀಟಿಂಗಲ್ಲಿ ಹೊಸ ಆಲಿವ್ ಎಣ್ಣೆ ರುಚಿ ನೋಡಿದ್ರೆ ಅದೇ ಉರಿ, ಅದೇ ಜಾಗದಲ್ಲಿ. 2005ರಲ್ಲಿ ಅವರ ತಂಡ ಆ ಪದಾರ್ಥಕ್ಕೆ ಐಬುಪ್ರೊಫೆನ್ ಥರದ್ದೇ ಗುಣ ಇದೆ ಅಂತ ತೋರಿಸ್ತು. ಆದ್ರೆ ನಾಲಿಗೆ ಜಾಸ್ತಿ ಕಮ್ಮಿ ಹೇಳತ್ತೆ, 240 ಮತ್ತೆ 260ರ ಮಧ್ಯೆ ಗೆರೆ ಎಳೆಯೋಕಾಗಲ್ಲ.

ಒಂದು ಎಣ್ಣೆಯಲ್ಲಿ ಜಾಸ್ತಿ ಇನ್ನೊಂದ್ರಲ್ಲಿ ಕಮ್ಮಿ, ಯಾಕೆ?

ತಳಿ ಮೊದಲು. ಇಲ್ಲಿನ ಕೊರಾತೀನಾ, ಗ್ರೀಸಿನ ಕೊರೊನೈಕಿ, ಸ್ಪೇನಿನ ಪಿಕ್ವಾಲ್ ಇವು ಜಾಸ್ತಿ ಫಿನಾಲ್ ಕೊಡೋ ಜಾತಿ, ಆರ್ಬೆಕೀನಾ ಕಮ್ಮಿ, ಅದು ಸೌಮ್ಯ ಎಣ್ಣೆ. ಕಾಯಿ ಹಸಿರಿರೋವಾಗ್ಲೇ ಕಿತ್ರೆ ಜಾಸ್ತಿ, ಕಪ್ಪಾಗೋ ತನಕ ಬಿಟ್ರೆ ಎಣ್ಣೆ ಜಾಸ್ತಿ ಬರತ್ತೆ ಫಿನಾಲ್ ಕಮ್ಮಿ ಆಗತ್ತೆ, ರೈತರಿಗೆ ಪ್ರತಿ ವರ್ಷ ಇದೇ ತಲೆನೋವು. ನೀರು ಜಾಸ್ತಿ ಕೊಟ್ಟ ತೋಟದಲ್ಲೂ ಕಮ್ಮಿ. ಮಿಲ್ಲಲ್ಲಿ ಅರೆದ ಮುದ್ದೆಯನ್ನ ತುಂಬಾ ಹೊತ್ತು ಕಲೆಸಿದ್ರೆ ಗಾಳಿ ತಾಗಿ ಹೋಗತ್ತೆ, ಎಣ್ಣೆ ಬೇರೆ ಮಾಡೋವಾಗ ನೀರು ಸೇರಿಸಿದ್ರೆ ಆ ನೀರಿನ ಜೊತೆ ತೊಳೆದು ಹೋಗತ್ತೆ, ಫಿನಾಲಿಗೆ ನೀರು ಇಷ್ಟ ಅಂತ ಮೇಲೆ ಹೇಳಿದ್ನಲ್ಲ.

ನಮ್ಮ ಗಾಣದ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗೂ ಈ ಟೆಸ್ಟ್ ಮಾಡಿಸ್ಬಹುದಾ?

ಇದೇ ಟೆಸ್ಟ್ ಬೇಡ. ಓಲಿಯುರೋಪೀನ್ ಬಳಗ ಕಡಲೆಕಾಯಿಯಲ್ಲೂ ಎಳ್ಳಲ್ಲೂ ಇಲ್ಲ. ಎಳ್ಳೆಣ್ಣೆಯಲ್ಲಿ ಸೆಸಮಿನ್, ಸೆಸಮೋಲಿನ್ ಅಂತ ಅದರದ್ದೇ ಲಿಗ್ನಾನುಗಳಿವೆ, ಅದಕ್ಕೆ ಬೇರೆ ವಿಧಾನ. ಆಲಿವ್ ಟೆಸ್ಟಲ್ಲಿ ಕಮ್ಮಿ ಬಂತು ಅಂತ ಎಳ್ಳೆಣ್ಣೆಯನ್ನ ಕೀಳಾಗಿ ನೋಡೋದು ಅನ್ಯಾಯ.

ಒಗ್ಗರಣೆಗೆ ಹಾಕಿದ್ರೆ ಫಿನಾಲ್ ಹೋಗತ್ತಾ?

ಕಾಯಿಸಿದಷ್ಟೂ, ಹೊತ್ತು ಕಳೆದಷ್ಟೂ ಕಮ್ಮಿ ಆಗತ್ತೆ, ಹೈಡ್ರಾಕ್ಸಿಟೈರೋಸಾಲಿನ ಕಡೆಯವು ಮೊದ್ಲು ಹೋಗ್ತಾವೆ. ಜಾಸ್ತಿ ದುಡ್ಡು ಕೊಟ್ಟು ತಂದ ಎಣ್ಣೆಯನ್ನ ಕೋಸಂಬರಿ ಮೇಲೆ ಹಸಿಯಾಗಿ ಹಾಕ್ಕೊಳ್ಳಿ.

ಟೆಸ್ಟಿಗೆ ಸ್ಯಾಂಪಲ್ ಕಳಿಸೋದು ಹೇಗೆ?

ಕಪ್ಪು ಅಥವಾ ಕಂದು ಗಾಜಿನ ಬಾಟ್ಲಿ, ಕತ್ತಿನ ತನಕ ತುಂಬಿ, ಮೇಲೆ ಗಾಳಿ ಉಳೀಬಾರ್ದು. ಗಸಿ ಇರೋ ಎಣ್ಣೆ ಆದ್ರೆ ತಿಳಿ ಬಂದ್ಮೇಲೆ ಕಳ್ಸಿ. ನೀರಿನ ಹಳೇ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಅರ್ಧ ತುಂಬಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಮಧ್ಯಾಹ್ನ ಪೂರ್ತಿ ಊರು ಸುತ್ತಿ ತಂದು ಕೊಟ್ಟೋರು ಇದಾರೆ, ಅಂಥ ಎಣ್ಣೆಯ ನಂಬರ್ ನಾವು ಕೊಡ್ತೀವಿ, ಆದ್ರೆ ಅದು ಮನೆಯ ಡ್ರಮ್ಮಲ್ಲಿರೋ ಎಣ್ಣೆಯ ನಂಬರ್ ಅಲ್ಲ.

ರಿಪೋರ್ಟ್ ಸಿಕ್ತು, ಏನ್ ನೋಡ್ಬೇಕು? ಒಂದು ವರ್ಷ ಆದ್ಮೇಲೂ ಅದೇ ನಂಬರಾ?

ಅದೇ ನಂಬರ್ ಇರಲ್ಲ. ಬೆಳಕು, ಬಿಸಿ, ಗಾಳಿ ಮೂರೂ ಫಿನಾಲಿಗೆ ಶತ್ರುಗಳು. ಎಣ್ಣೆ ಹಳೇದಾದಂಗೆ ದೊಡ್ಡ ಅಣುಗಳು ತಾವಾಗೇ ಒಡೆದು ಬಿಡಿ ಹೈಡ್ರಾಕ್ಸಿಟೈರೋಸಾಲ್, ಬಿಡಿ ಟೈರೋಸಾಲ್ ಜಾಸ್ತಿ ಆಗ್ತಾವೆ, ಆ ಮೊದಲ ಎರಡು ಪೀಕ್ ಎತ್ತರ ಇದ್ದು ಹಿಂದಿನ ಸಾಲು ಚಿಕ್ಕದಾಗಿದ್ರೆ ಎಣ್ಣೆಗೆ ವಯಸ್ಸಾಗಿದೆ ಅಂತ ನಮಗೆ ಗೊತ್ತಾಗತ್ತೆ. ಹಾಗಾಗಿ ರಿಪೋರ್ಟಲ್ಲಿ ಮೊದ್ಲು ತಾರೀಕು ನೋಡಿ. ಮಿಲ್ಲಿಂದ ಬಂದ ವಾರವೇ ಮಾಡಿಸಿದ 600, ನಿಮ್ಮ ಕೈಗೆ ಬಾಟ್ಲಿ ಬರೋ ಹೊತ್ತಿಗೆ 600 ಇರಲ್ಲ.

ಆಮೇಲೆ ವಿಧಾನದ ಹೆಸ್ರು, ಯಾವುದರ ಲೆಕ್ಕದಲ್ಲಿ ಅನ್ನೋದು, ಪಕ್ಕದಲ್ಲಿ ಪ್ಲಸ್ ಮೈನಸ್ ಎಷ್ಟು ಅನ್ನೋದು. 260 ಪ್ಲಸ್ ಮೈನಸ್ 26 ಅಂತ ಇದ್ರೆ ನಿಜವಾದ ಬೆಲೆ 234 ಇಂದ 286ರ ಒಳಗೆ ಎಲ್ಲಾದ್ರೂ ಇರ್ಬಹುದು, 250 ದಾಟಿದೆ ಅಂತ ಎದೆ ತಟ್ಟಿ ಹೇಳೋಕಾಗಲ್ಲ. ಲ್ಯಾಬಿಗೆ ಐಎಸ್‌ಒ 17025 (ಟೆಸ್ಟಿಂಗ್ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆಯಾ, ಇದ್ರೆ ಈ ಟೆಸ್ಟಿಗೇ ಇದೆಯಾ ಅಂತಾನೂ ನೋಡಿ, ಆಮ್ಲತೆ ಟೆಸ್ಟಿಗೆ ಮಾನ್ಯತೆ ತಗೊಂಡು ಫಿನಾಲ್ ರಿಪೋರ್ಟಲ್ಲಿ ಅದೇ ಲೋಗೋ ಕಾಣಿಸ್ಬಾರ್ದು.

ಬೆಂಗಳೂರಿನ ಆ ಪರಿಚಯದವ್ರಿಗೆ ಹೋದ ತಿಂಗಳು ನಾನು ಹೇಳ್ಕೊಟ್ಟಿದ್ದೂ ಇಷ್ಟೇ, ಅವ್ರು ಸಪ್ಲೈಯರಿಗೆ ಹಂಗೇ ಮೆಸೇಜ್ ಕಳ್ಸಿದ್ರು: "ಸರ್, 600 ಅಂತ ಹಾಕಿದೀರಲ್ಲ, ಯಾವ ತಿಂಗಳು ಟೆಸ್ಟ್ ಮಾಡಿಸಿದ್ದು, ಯಾವ ವಿಧಾನ, ಯಾವುದರ ಲೆಕ್ಕದಲ್ಲಿ, ರಿಪೋರ್ಟ್ ಕಾಪಿ ಕಳಿಸ್ತೀರಾ?" ಎರಡು ದಿನ ಬಿಟ್ಟು ಕಾಪಿ ಬಂತು, ಫೋಲಿನ್ ವಿಧಾನ, ಗ್ಯಾಲಿಕ್ ಆಸಿಡ್ ಲೆಕ್ಕ, ಹದಿನಾಲ್ಕು ತಿಂಗಳ ಹಿಂದಿನದು. ಅವ್ರು ಈಗ ಹೊಸ ಲಾಟಿನಿಂದ ಒಂದು ಕಂದು ಬಾಟ್ಲಿ ತುಂಬಿಸಿ ಎಚ್‌ಪಿಎಲ್‌ಸಿಗೆ ಕೊಡ್ತಿದಾರೆ.